ಬೇಲಿ ದಾಟುವ ಹೂವು



ಜಾತಿ ತಾರತಮ್ಯ, ವಲಸಿಗರ ಹಕ್ಕು, ಪ್ರಭುತ್ವದ ದಮನಗಳನ್ನು ಕುರಿತು ಚರ್ಚಿಸುತ್ತ ಬಂದಿರುವ ಬಳಗದಲ್ಲಿ ಕೈತೋಟದ ಹೂಗಿಡಗಳ ಆಯ್ಕೆಯ ಬಗ್ಗೆ ಉಪನ್ಯಾಸ ಎಂದರೆ ಕೆಲವರಿಗಾದರೂ ಸಣ್ಣ ನಗು ಬರುವುದು ಸಹಜ. ಹೂವು ಬಿಡುವಿನ ವೇಳೆಯ ವಿಷಯ, ಅದರ ಮೇಲೂ ಸಿದ್ಧಾಂತದ ಭಾರ ಹೊರಿಸಬೇಕೆ ಎಂದು ಕೇಳುವವರಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿದೆ. ದಿನವಿಡೀ ದುಡಿದು ಬಂದವರಿಗೆ ಕಿಟಕಿಯ ಕುಂಡದಲ್ಲಿ ಬಿರಿದ ಒಂದು ಮಲ್ಲಿಗೆ ಕೊಡುವ ಸಮಾಧಾನಕ್ಕೆ ಯಾರ ಸಮರ್ಥನೆಯೂ ಬೇಕಿಲ್ಲ. ಇಲ್ಲಿ ಎತ್ತಬೇಕಾದ ಪ್ರಶ್ನೆ ಬೇರೆ: ಒಬ್ಬರ ಹಿತ್ತಿಲಿನ ಸಂತೋಷದ ಸಾಲವನ್ನು ಕೊನೆಗೆ ತೀರಿಸುವವರು ಯಾರು? ವಸಂತ ಬಂದು ನರ್ಸರಿಗಳ ಮುಂದೆ ಕಾರುಗಳು ಸಾಲುಗಟ್ಟುವ ದಿನಗಳಲ್ಲಿ ಇದನ್ನು ಕೇಳಿಕೊಳ್ಳುವುದು ಅನುಚಿತವಲ್ಲ.

ಈ ಪ್ರಶ್ನೆಗೆ ಉತ್ತರದ ಒಂದು ಭಾಗ ಪಶ್ಚಿಮದ ನಗರಗಳಿಗೆ ತಾನಾಗಿಯೇ ಬಂದು ನಿಂತಿತ್ತು. 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ, 2024ರಲ್ಲಿ ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್, ಮಯಾಮಿ ಬೀಚ್‌ಗಳಲ್ಲಿ ನಿಜಗಾತ್ರದ ಆನೆಗಳ ಹಿಂಡೊಂದರ ಪ್ರದರ್ಶನ ನಡೆಯಿತು. ಸಾವಿರಾರು ಜನ ಅವುಗಳ ಸೊಂಡಿಲು ಸವರಿದರು, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡರು. ಆ ಆನೆಗಳನ್ನು ಕಟ್ಟಿದವರು ನೀಲಗಿರಿ ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕನ್, ಸೋಲಿಗ ಸಮುದಾಯಗಳ ಕುಶಲಕರ್ಮಿಗಳು. ಕಟ್ಟಲು ಬಳಸಿದ್ದು ಲಂಟಾನದ ಕಡ್ಡಿ. ಎರಡು ಶತಮಾನಗಳ ಹಿಂದೆ ಹೂವಿನ ಚೆಂದಕ್ಕಾಗಿ ಹಡಗಿನಲ್ಲಿ ಭಾರತಕ್ಕೆ ಬಂದ ಗಿಡ, ಕಾಡನ್ನು ನುಂಗಿದ ಮೇಲೆ, ಆನೆಯ ರೂಪ ತಳೆದು ಮತ್ತೆ ಹಡಗು ಹತ್ತಿತು. ಅದೇ ಗಿಡದ ತಳಿಗಳು ಅಮೆರಿಕದ ನರ್ಸರಿಗಳಲ್ಲಿ 'ಚಿಟ್ಟೆಗಳನ್ನು ಸೆಳೆಯುವ ಹೂಗಿಡ' ಎಂಬ ಚೀಟಿ ಅಂಟಿಸಿಕೊಂಡು ಪ್ರತಿ ವರ್ಷ ಮಾರಾಟವಾಗುತ್ತವೆ.

ಲಂಟಾನದ ತವರು ಅಮೆರಿಕ ಖಂಡದ ಉಷ್ಣವಲಯ. ಯುರೋಪಿನ ತೋಟಗಾರರು ಅದರ ನಾನಾ ಬಗೆಗಳನ್ನು ಕೂಡಿಸಿ ಬಣ್ಣ ಬಣ್ಣದ ತಳಿಗಳನ್ನು ಮಾಡಿದರು. 19ನೆಯ ಶತಮಾನದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಲ್ಕತ್ತ ಸಸ್ಯೋದ್ಯಾನದ ಮೂಲಕ ಅದು ಭಾರತಕ್ಕೆ ಕಾಲಿಟ್ಟಿತು. ಗಿಡ ಚೆಲುವಿನದು, ಅದರಲ್ಲಿ ಎರಡು ಮಾತಿಲ್ಲ. ಒಂದೇ ಗೊಂಚಲಿನಲ್ಲಿ ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗಳು. ಹೊಸದಾಗಿ ಅರಳಿದ್ದು ಹಳದಿ. ಪರಾಗಸ್ಪರ್ಶ ಆದ ಮೇಲೆ ಬಣ್ಣ ಬದಲಾಗುತ್ತದೆ, ಮಕರಂದ ಎಲ್ಲಿ ಉಳಿದಿದೆ ಎಂದು ಚಿಟ್ಟೆಗೆ ಸೂಚನೆ ಸಿಗುತ್ತದೆ. ದನ ಅದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ, ಹಸಿದು ತಿಂದರೆ ಯಕೃತ್ತು ಕೆಡುತ್ತದೆ. ಆದ್ದರಿಂದ ಬೇಲಿಗೂ ಅದು ಒಳ್ಳೆಯದೆನ್ನಿಸಿತು. ನೀರು ಹಾಕಬೇಕಿಲ್ಲ, ಗೊಬ್ಬರ ಬೇಕಿಲ್ಲ, ಕಡಿದಷ್ಟೂ ಬುಡದಿಂದ ಚಿಗುರುತ್ತದೆ. ಇಂದಿನ ನರ್ಸರಿಯ ಭಾಷೆಯಲ್ಲಿ ಹೇಳುವುದಾದರೆ 'ಆರೈಕೆ ಬೇಡದ, ವರ್ಷವಿಡೀ ಹೂಬಿಡುವ' ಗಿಡ. ಅದನ್ನು ಆಯ್ದುಕೊಳ್ಳಲು ಕಾರಣವಾದ ಗುಣಗಳೇ ಅದರ ಕಾಟಕ್ಕೂ ಕಾರಣವಾದವು. ಕಪ್ಪು ಹಣ್ಣುಗಳನ್ನು ಪಿಕಳಾರದಂತಹ ಹಕ್ಕಿಗಳು ತಿಂದು ಬೇಲಿಯಾಚೆ ಬೀಜ ಬಿತ್ತಿದವು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ ಭಾರತದ ಹುಲಿ ನೆಲೆಗಳ ಶೇಕಡ 40ಕ್ಕೂ ಹೆಚ್ಚು ಭಾಗವನ್ನು ಲಂಟಾನ ಆಕ್ರಮಿಸಿದೆ ಎಂದು ಅಂದಾಜು ಮಾಡಿದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪಾಲಿಗೆ ಈ ಅಂಕಿ ದಿನನಿತ್ಯದ ಅನುಭವ. ಜೇನು, ನೆಲ್ಲಿಕಾಯಿ, ಪಾಚಿ, ಸೀಗೆಯನ್ನು ಸಂಗ್ರಹಿಸಿ ಬದುಕುವವರಿಗೆ ತಲೆಯೆತ್ತರದ ಮುಳ್ಳುಪೊದೆ ಎಂದರೆ ಮುಚ್ಚಿಹೋದ ದಾರಿ. ಎದುರಿಗೆ ಆನೆ ಬಂದರೂ ಕಾಣದ ಅಪಾಯ. ನೆಲದ ಮೇಲಿನ ಹುಲ್ಲು ಸತ್ತರೆ ಜಿಂಕೆ, ಕಾಟಿಗಳಿಗೆ ಮೇವಿಲ್ಲ, ಅವು ಹೊಲಕ್ಕೆ ಇಳಿಯುತ್ತವೆ. ಸೋಲಿಗರು ಹಿಂದೆ ಬೇಸಿಗೆಯ ಮೊದಲಿಗೆ 'ತರಗು ಬೆಂಕಿ' ಹಾಕುತ್ತಿದ್ದರು. ಒಣಗಿದ ತರಗೆಲೆಯನ್ನು ಮಾತ್ರ ಸುಡುವ, ಮೊಣಕಾಲೆತ್ತರ ಮೀರದ ಬೆಂಕಿ ಅದು. ಹುಲ್ಲು ಮತ್ತೆ ಚಿಗುರಲು, ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯನ್ನು ಅಂಕೆಯಲ್ಲಿಡಲು ಅದು ನೆರವಾಗುತ್ತಿತ್ತೆಂದು ಅವರು ಹೇಳುತ್ತಾರೆ. 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ತರಗು ಬೆಂಕಿ ಅಪರಾಧವಾಯಿತು, ಸೋಲಿಗರನ್ನು ಒಳಗಿನ ಪೋಡುಗಳಿಂದ ಎಬ್ಬಿಸಲಾಯಿತು. ಲಂಟಾನ ಮೇರೆ ಮೀರಿದ್ದು ಆ ನಂತರದ ದಶಕಗಳಲ್ಲಿ ಎಂಬುದು ಅವರ ವಾದ, ಅದನ್ನು ಪರಿಸರ ವಿಜ್ಞಾನಿಗಳು ಗಂಭೀರವಾಗಿ ಪರಿಗಣಿಸಿದ್ದಾರೆ. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರ ಸಾಮುದಾಯಿಕ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಅಂತಹ ಮನ್ನಣೆ ದೊರೆತದ್ದು ದೇಶದಲ್ಲಿ ಅದೇ ಮೊದಲು. ಹಕ್ಕುಪತ್ರ ಬಂದ ಹೊತ್ತಿಗೆ ಕಾಡಿನ ನೆಲದ ಬಹುಭಾಗ ಆಗಲೇ ಹೂಬಿಟ್ಟು ನಿಂತಿತ್ತು.

ಈ ಕತೆಯನ್ನು ಕೇಳಿದವರಲ್ಲಿ ಬಹುಪಾಲು ಜನ ಥಟ್ಟನೆ ತಲುಪುವ ತೀರ್ಮಾನ, ವಿದೇಶಿ ಗಿಡಗಳನ್ನೆಲ್ಲ ಕಿತ್ತೊಗೆದು ಸ್ಥಳೀಯ ಗಿಡಗಳನ್ನಷ್ಟೇ ನೆಡಬೇಕು ಎಂಬುದು. ಪರಿಸರಪ್ರೇಮಿಗಳ ವಲಯದಲ್ಲಿ ಇದು ಈಗ ಹೆಚ್ಚುಕಡಿಮೆ ಶೀಲದ ಪ್ರಮಾಣಪತ್ರವೇ ಆಗಿಬಿಟ್ಟಿದೆ. ವಲಸಿಗರು ಈ ಮಾತನ್ನು ತುಸು ನಿಧಾನವಾಗಿ ಆಡುವುದು ಒಳ್ಳೆಯದು. 'ಪರಕೀಯ', 'ಆಕ್ರಮಣಕಾರಿ', 'ಮೂಲನಿವಾಸಿಗಳನ್ನು ಹೊರದಬ್ಬುವ' ಎಂಬ ಪದಗಳು ಸಸ್ಯಶಾಸ್ತ್ರದ ಪುಟಗಳಲ್ಲಿ ಇರುವಷ್ಟೇ ಸಲೀಸಾಗಿ ಚುನಾವಣಾ ಭಾಷಣಗಳಲ್ಲೂ ಇವೆ, ಎರಡರ ನಡುವೆ ಹಳೆಯ ನೆಂಟಸ್ತನವಿದೆ. 1942ರಲ್ಲಿ, ನಾಜಿ ಆಡಳಿತದ ಕಾಲದಲ್ಲಿ, ಜರ್ಮನಿಯ ಸಸ್ಯಶಾಸ್ತ್ರಜ್ಞರ ತಂಡವೊಂದು ಮಧ್ಯ ಏಷ್ಯದಿಂದ ಬಂದ ಒಂದು ಪುಟ್ಟ ಹಳದಿ ಹೂವಿನ ಗಿಡದ ವಿರುದ್ಧ ನಿರ್ನಾಮದ ಯುದ್ಧ ಸಾರಬೇಕೆಂದು ಕರೆ ಕೊಟ್ಟಿತು. ಅದನ್ನು ಬೋಲ್ಶೆವಿಸಂ ವಿರುದ್ಧದ ಹೋರಾಟಕ್ಕೆ ಹೋಲಿಸಿತು. ಗಿಡ ಕರ್ಣಕುಂಡಲದ ಜಾತಿಯದು, ಮಲೆನಾಡಿನ ಹಿತ್ತಿಲುಗಳ ಗೌರಿಹೂವಿನ ದೂರದ ಬಂಧು. ಹೂವಿನ ಮೇಲೆ ಹರಿಹಾಯ್ದ ಆ ಭಾಷೆ ಅದೇ ವರ್ಷಗಳಲ್ಲಿ ಮನುಷ್ಯರ ಮೇಲೆ ಏನು ಮಾಡುತ್ತಿತ್ತು ಎಂಬುದು ಎಲ್ಲರಿಗೂ ತಿಳಿದಿದೆ.

ಹಾಗೆಂದು ಪ್ರಗತಿಪರರು ಇನ್ನೊಂದು ತುದಿಗೆ ಜಾರುವುದೂ ಉಂಟು. ಗಿಡಗಳ ತವರಿನ ಪ್ರಶ್ನೆ ಎತ್ತುವುದೇ ಜನಾಂಗದ್ವೇಷದ ಇನ್ನೊಂದು ಮುಖ, ಪ್ರಕೃತಿಯಲ್ಲಿ ಗಡಿಗಳಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವ ವಾದವದು. ಕೇಳಲು ಹಿತ. ಆದರೆ ಹಾಗೆನ್ನುವವರು ಮುಳ್ಳುಪೊದೆಯ ನಡುವೆ ನೆಲ್ಲಿಕಾಯಿ ಹುಡುಕುವ ಸೋಲಿಗ ಹೆಂಗಸಿನ ಮುಂದೆ ನಿಂತು ಅದನ್ನು ಹೇಳಬಲ್ಲರೆ? ಮನುಷ್ಯ ಗಿಡವಲ್ಲ, ವಲಸಿಗನಿಗೂ ಲಂಟಾನಕ್ಕೂ ಇರುವ ಹೋಲಿಕೆ ಕವಿತೆಗೆ ಸಾಕಾದೀತು, ವಾದಕ್ಕೆ ಸಾಲದು. ಲಂಟಾನ ತಾನಾಗಿ ಬರಲಿಲ್ಲ. ಅದನ್ನು ತಂದದ್ದು ವಸಾಹತುಶಾಹಿಯ ತೋಟ, ಹಬ್ಬಿಸಿದ್ದು ಬೇಲಿಯ ಅನುಕೂಲ, ಅದಕ್ಕೆ ದಾರಿ ಬಿಟ್ಟದ್ದು ಕಾಡಿನ ಜನರ ಕೈಯಿಂದ ಬೆಂಕಿಯನ್ನು ಕಿತ್ತುಕೊಂಡ ಆಡಳಿತ. ದೂರು ಕೊಡುವುದಿದ್ದರೆ ಈ ವಿಳಾಸಗಳಿಗೆ ಕೊಡಬೇಕು.

ನಿಜಕ್ಕೂ ಹುಟ್ಟೂರನ್ನೇ ಮಾನದಂಡ ಮಾಡಿಕೊಂಡರೆ ಕನ್ನಡಿಗರ ಹೂಬುಟ್ಟಿಯಲ್ಲಿ ಎಷ್ಟು ಉಳಿದೀತು? ಆಯುಧಪೂಜೆಯ ದಿನ ಬಸ್ಸು, ಲಾರಿ, ಲೇಥುಗಳಿಗೆ ಹಾರವಾಗುವ ಚೆಂಡುಹೂವು ಮೆಕ್ಸಿಕೊದ್ದು. ಮದುವೆಮನೆಯ ಸುಗಂಧರಾಜವೂ ಅಲ್ಲಿಯದೇ. ಗುಡಿಯ ಅಂಗಳದಲ್ಲಿ ಯುಗಯುಗಗಳಿಂದ ನಿಂತಂತೆ ಕಾಣುವ ದೇವಕಣಗಿಲೆ ಅಮೆರಿಕದ ಉಷ್ಣವಲಯದಿಂದ ಬಂದದ್ದು. ಸೇವಂತಿಗೆಯ ಬೇರು ಚೀನಾದಲ್ಲಿದೆ. ಬೆಂಗಳೂರಿನ ಮಾರ್ಚ್ ತಿಂಗಳ ನೇರಳೆ ಬಣ್ಣದ ಜಕರಂಡ ದಕ್ಷಿಣ ಅಮೆರಿಕದ್ದು, ಮೇ ತಿಂಗಳ ಕೆಂಪು ಗುಲ್‌ಮೊಹರ್ ಮಡಗಾಸ್ಕರದ್ದು. ಒಂದು ಮರದ ಹೂವು ಉದುರುವಾಗ ಇನ್ನೊಂದು ಅರಳುವಂತೆ ಊರಿನ ಬೀದಿಗಳನ್ನು ಯೋಜಿಸಿದ ಗುಸ್ತಾವ್ ಹರ್ಮನ್ ಕೃಂಬಿಗಲ್ ಸ್ವತಃ ಜರ್ಮನ್ ವಲಸಿಗ. ಲಂಡನ್ನಿನ ಕ್ಯೂ ಉದ್ಯಾನದಿಂದ ಬರೋಡಕ್ಕೆ, ಅಲ್ಲಿಂದ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದವರು. ಯುದ್ಧಕಾಲದಲ್ಲಿ ಶತ್ರುದೇಶದ ಪ್ರಜೆಯೆಂದು ಬ್ರಿಟಿಷರು ಅವರನ್ನು ಬಂಧನದಲ್ಲಿಟ್ಟಿದ್ದರು. ಅವರ ಹೆಸರಿನ ರಸ್ತೆ ಲಾಲ್‌ಬಾಗಿನ ಪಕ್ಕದಲ್ಲಿದೆ. ತಲೆಮಾರುಗಳಿಂದ ಬೆಂಗಳೂರಿನ ತೋಟಗಳ ಮಣ್ಣನ್ನು ಹದಮಾಡಿದ ತಿಗಳ ಸಮುದಾಯದ ತೋಟಗಾರರ ಹೆಸರುಗಳು ಮಾತ್ರ ಅಷ್ಟು ಸುಲಭವಾಗಿ ಯಾವ ಫಲಕದ ಮೇಲೂ ಸಿಗುವುದಿಲ್ಲ.

ಜೀವವೈವಿಧ್ಯವನ್ನು ಕುರಿತ ಅಂತರಸರ್ಕಾರಿ ವೇದಿಕೆ ಐಪಿಬಿಇಎಸ್ 2023ರಲ್ಲಿ ಪ್ರಕಟಿಸಿದ ವರದಿ ಇಲ್ಲಿ ನೆರವಿಗೆ ಬರುತ್ತದೆ. ಮನುಷ್ಯರು ಹೊಸ ಪ್ರದೇಶಗಳಿಗೆ ಸಾಗಿಸಿ ನೆಲೆಗೊಳಿಸಿದ ಜೀವಿಗಳು 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕರವೆಂದು ದಾಖಲಾಗಿರುವುದು 3,500ಕ್ಕೂ ಹೆಚ್ಚು. ಸಸ್ಯಗಳನ್ನಷ್ಟೇ ತೆಗೆದುಕೊಂಡರೆ ನೂರಕ್ಕೆ ಸುಮಾರು ಆರು ಮಾತ್ರ ಆಕ್ರಮಣಕಾರಿ. ಮೊದಲ ಅಂಕಿಯನ್ನು ಮಾತ್ರ ಓದಿದವರು ದ್ವೇಷಿಗಳಾಗುತ್ತಾರೆ, ಕೊನೆಯದನ್ನು ಮಾತ್ರ ಓದಿದವರು ಉದಾಸೀನರಾಗುತ್ತಾರೆ. ಆರು ಸಣ್ಣ ಸಂಖ್ಯೆ, ಆದರೆ ಆ ಆರರಲ್ಲೊಂದು ಲಂಟಾನ. ಹಾಗಾಗಿ ಗಿಡವನ್ನು ಕೇಳಬೇಕಾದ್ದು ಅದರ ಜನ್ಮಸ್ಥಳವನ್ನಲ್ಲ, ಅದರ ನಡತೆಯನ್ನು. ಅದನ್ನೂ ನೆಡುವ ಊರಿನ ಹವೆಯಲ್ಲಿ. ಒಂದೇ ಗಿಡ ಒಂದೂರಿನಲ್ಲಿ ಸಾಧು, ಇನ್ನೊಂದೂರಿನಲ್ಲಿ ಪುಂಡ.

ಹಿಮಾಲಯದ ಕರ್ಣಕುಂಡಲ ಇದಕ್ಕೆ ಒಳ್ಳೆಯ ನಿದರ್ಶನ. ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಬೇಸಿಗೆಯಲ್ಲಿ ನದಿಯ ದಂಡೆಗೆ ಹೋದರೆ ಆಳೆತ್ತರದ ಗುಲಾಬಿ ಹೂಗಳ ಸಾಲನ್ನು ಕಂಡು ಗೌರಿಹೂವನ್ನು ನೆನೆಸಿಕೊಳ್ಳುತ್ತಾರೆ. ನೆನಪು ಸರಿಯಾದದ್ದೇ, ಎರಡೂ ಒಂದೇ ಕುಲದವು. ತನ್ನ ಕಣಿವೆಗಳಲ್ಲಿ ಕೀಟ, ಬೂಷ್ಟುಗಳ ಅಂಕೆಯಲ್ಲಿ ಬೆಳೆಯುವ ಈ ಗಿಡವನ್ನು 1839ರಲ್ಲಿ ತೋಟದ ಅಲಂಕಾರಕ್ಕೆಂದು ಬ್ರಿಟನ್ನಿಗೆ ಒಯ್ದರು. ಅಲ್ಲಿ ಅಂಕೆ ಇರಲಿಲ್ಲ. ಮಾಗಿದ ಕಾಯಿ ಮುಟ್ಟಿದರೆ ಸಿಡಿದು ಬೀಜವನ್ನು ಮೀಟರುಗಟ್ಟಲೆ ದೂರ ಚಿಮ್ಮಿಸುತ್ತದೆ, ಹೊಳೆ ಅದನ್ನು ಹೊತ್ತೊಯ್ಯುತ್ತದೆ. ಚಳಿಗಾಲದಲ್ಲಿ ಗಿಡ ಸತ್ತಾಗ ದಂಡೆ ಬರಿದಾಗಿ ಮಣ್ಣು ಕೊಚ್ಚಿಹೋಗುತ್ತದೆ. ಅದನ್ನು ಹತೋಟಿಗೆ ತರಲು 2014ರಿಂದ ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿದ ತುಕ್ಕುರೋಗದ ಶಿಲೀಂಧ್ರವನ್ನೂ ಹಿಮಾಲಯದಿಂದಲೇ ತರಬೇಕಾಯಿತು. ಗಿಡವನ್ನು ಕೊಂಡೊಯ್ದವರು ಅದರ ಸಂಬಂಧಗಳನ್ನು ಅಲ್ಲೇ ಬಿಟ್ಟುಹೋಗಿದ್ದರು.

ಅಮೆರಿಕದಲ್ಲಿರುವವರ ಕಣ್ಣೆದುರಿನ ಉದಾಹರಣೆ ಕ್ಯಾಲರಿ ಪೇರ್. ಏಪ್ರಿಲ್ ಹೊತ್ತಿಗೆ ಬಡಾವಣೆಗಳ ರಸ್ತೆಬದಿಯಲ್ಲಿ ಬೆಳ್ಳಗೆ ಅರಳುವ, ವಾಸನೆ ಮಾತ್ರ ಸಹಿಸಲಾಗದ ಮರ. ಅದರ 'ಬ್ರಾಡ್‌ಫರ್ಡ್' ತಳಿಯನ್ನು 1963ರಲ್ಲಿ ಅಮೆರಿಕದ ಕೃಷಿ ಇಲಾಖೆಯೇ ಬಿಡುಗಡೆ ಮಾಡಿತು. ಎಲ್ಲ ಬ್ರಾಡ್‌ಫರ್ಡ್ ಮರಗಳೂ ಒಂದೇ ಮರದ ಕಸಿಗಳಾದ್ದರಿಂದ ಪರಸ್ಪರ ಕಾಯಿ ಕಟ್ಟುವುದಿಲ್ಲ. ಅದು ಬಂಜೆ ಮರ, ಹರಡದು ಎಂಬ ಭರವಸೆಯಿತ್ತು. ಆಮೇಲೆ ಗಾಳಿಗೆ ಮುರಿಯದ, ಬಣ್ಣ ಹೆಚ್ಚಿರುವ ಬೇರೆ ತಳಿಗಳು ಮಾರುಕಟ್ಟೆಗೆ ಬಂದವು. ಪಕ್ಕದ ಬೀದಿಯ ತಳಿಯೊಂದಿಗೆ ಈ ಬೀದಿಯದು ಕೂಡಿ ಕಾಯಿ ಕಟ್ಟಿತು, ಹಕ್ಕಿಗಳು ಹೊತ್ತವು, ಹೆದ್ದಾರಿಯ ಬದಿಗಳಲ್ಲಿ ಮುಳ್ಳಿನ ಪೇರ್ ಮರಗಳು ಎದ್ದವು. ಒಹಾಯೊ 2023ರಲ್ಲಿ, ಪೆನ್ಸಿಲ್ವೇನಿಯ ಮತ್ತು ಸೌತ್ ಕ್ಯಾರೊಲಿನ 2024ರಲ್ಲಿ ಅದರ ಮಾರಾಟವನ್ನು ನಿಷೇಧಿಸಿದವು. ಇಂದು ಲಂಟಾನದ 'ಬೀಜ ಕಟ್ಟದ' ತಳಿಗಳನ್ನು ಕೊಳ್ಳುವಾಗಲೂ ಈ ಇತಿಹಾಸ ನೆನಪಿರಲಿ. ಫ್ಲಾರಿಡಾ ವಿಶ್ವವಿದ್ಯಾಲಯ ಕಟ್ಟುನಿಟ್ಟಾಗಿ ಪರೀಕ್ಷಿಸಿದ ಬಂಜೆ ತಳಿಗಳನ್ನು ರೂಪಿಸಿದೆ, ಅವು ನಂಬಲರ್ಹ. ಆದರೆ ಬೀಜ ಕಡಿಮೆಯಿದ್ದು ಪರಾಗ ಮಾತ್ರ ಜೀವಂತವಿರುವ ತಳಿಗಳೂ ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಆ ಪರಾಗ ಫ್ಲಾರಿಡಾದ ಸ್ವಂತ ಲಂಟಾನ ಪ್ರಭೇದವನ್ನು ಕಲಬೆರಕೆ ಮಾಡಿ ಅಳಿವಿನಂಚಿಗೆ ತಳ್ಳುತ್ತಿದೆ. ಹೌದು, ಅಲ್ಲಿ ಲಂಟಾನವೊಂದು ಸ್ಥಳೀಯ ಗಿಡ, ಅದನ್ನು ಕಾಪಾಡಬೇಕಾಗಿದೆ.

ನಡತೆಯ ಪರೀಕ್ಷೆಯಲ್ಲಿ ಎರಡನೆಯ ಪ್ರಶ್ನೆ, ಗಿಡ ಯಾರಿಗೆ ಉಣಿಸುತ್ತದೆ ಎಂಬುದು. ಸ್ಥಳೀಯ ಗಿಡಗಳ ಪರವಾದ ನಿಜವಾದ ವಾದ ಇರುವುದು ಇಲ್ಲಿ; ಮಣ್ಣಿನ ಮಕ್ಕಳ ವಾದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕರಂದವನ್ನು ಚಿಟ್ಟೆ ಯಾವ ದೇಶದ ಹೂವಿನಿಂದಲೂ ಕುಡಿದೀತು, ಕಂಬಳಿಹುಳು ಹಾಗಲ್ಲ. ಮೊನಾರ್ಕ್ ಚಿಟ್ಟೆಯ ಮರಿ ಹಾಲುಗಿಡಗಳ ಎಲೆಯನ್ನು ಬಿಟ್ಟು ಬೇರೇನನ್ನೂ ತಿನ್ನದು. ಕನ್ನಡನಾಡಿನ ಎಕ್ಕದ ಗಿಡಕ್ಕೆ ಹಾಲುಗಿಡ ಹತ್ತಿರದ ಬಂಧು, ಎಕ್ಕವನ್ನು ನಂಬಿ ಬದುಕುವ ಚಿಟ್ಟೆಗಳು ಮೊನಾರ್ಕಿನ ದಾಯಾದಿಗಳು. ಇದನ್ನು ತಿಳಿದ ಉತ್ಸಾಹಿಗಳು ಅಮೆರಿಕದಲ್ಲಿ ಹಾಲುಗಿಡ ಹುಡುಕಿಕೊಂಡು ಹೋದಾಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕೆಂಪು-ಹಳದಿ ಹೂವಿನ ಉಷ್ಣವಲಯದ ಬಗೆ. ದಕ್ಷಿಣದ ರಾಜ್ಯಗಳಲ್ಲೂ ಕ್ಯಾಲಿಫೋರ್ನಿಯದಲ್ಲೂ ಅದು ಚಳಿಗಾಲದಲ್ಲಿ ಬಾಡುವುದಿಲ್ಲ. ವರ್ಷವಿಡೀ ಹಸಿರಾಗಿರುವ ಎಲೆಗಳ ಮೇಲೆ ಮೊನಾರ್ಕಿನ ಪರೋಪಜೀವಿಯೊಂದು ಸೇರುತ್ತ ಹೋಗುತ್ತದೆ. ವಲಸೆ ಹೋಗಬೇಕಾದ ಚಿಟ್ಟೆಗಳು ಅಲ್ಲೇ ತಂಗಿ ರೋಗಕ್ಕೆ ಬೀಳುತ್ತವೆ. ಚಿಟ್ಟೆಗೆ ಉಪಕಾರ ಮಾಡಹೊರಟ ಕೈಗಳಿಂದಲೇ ಇದು ನಡೆಯುತ್ತದೆ. ಆಯಾ ರಾಜ್ಯದ ಸ್ವಂತ ಹಾಲುಗಿಡ ಚಳಿಗೆ ಒಣಗಿ, ವಸಂತದಲ್ಲಿ ಹೊಸ ಎಲೆಯೊಂದಿಗೆ ಬರುತ್ತದೆ. ಆ ಒಣಗುವಿಕೆಯಲ್ಲೇ ಚಿಟ್ಟೆಯ ಕ್ಷೇಮವಿದೆ.

ಆದರೆ ಈ ವಾದಕ್ಕೂ ಮಿತಿಯಿದೆ. ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ ತನ್ನ ವಿಸ್ಲಿ ತೋಟದಲ್ಲಿ 2009ರಿಂದ ಹಲವು ವರ್ಷ ನಡೆಸಿದ ಪ್ರಯೋಗದಲ್ಲಿ ಸ್ಥಳೀಯ, ನೆರೆಪ್ರದೇಶದ ಮತ್ತು ದೂರದೇಶದ ಗಿಡಗಳ ಪಾತಿಗಳನ್ನು ಹೋಲಿಸಿ ನೋಡಿತು. ಸ್ಥಳೀಯ ಮತ್ತು ನೆರೆಪ್ರದೇಶದ ಗಿಡಗಳತ್ತ ಹೆಚ್ಚು ಕೀಟಗಳು ಬಂದವು, ನಿಜ. ಊರಿನ ಹೂಗಳ ಕಾಲ ಮುಗಿದ ಮೇಲೆ ದುಂಬಿಗಳಿಗೆ ಊಟ ಹಾಕಿದ್ದು ತಡವಾಗಿ ಅರಳುವ ದೂರದೇಶದ ಗಿಡಗಳು. ಹೂವಿನ ಆಕಾರವೂ ಮುಖ್ಯ. ಸುತ್ತು ಸುತ್ತು ದಳಗಳಿರುವ ಹೂವಿನಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟಿರುತ್ತವೆ. ಅದು ಕಣ್ಣಿಗೆ ಹಬ್ಬ, ಜೇನ್ನೊಣಕ್ಕೆ ಬರಿದಾದ ತಟ್ಟೆ. ಒಂಟಿ ಸುತ್ತಿನ ಹೂವು ಅಂಗಡಿಯಲ್ಲಿ ಬಡಪಾಯಿಯಂತೆ ಕಂಡರೂ ಅದರೊಳಗೆ ಊಟವಿದೆ.

ಇನ್ನು 'ಜೇನುಸ್ನೇಹಿ' ಎಂಬ ಚೀಟಿ. 2017ರಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬ್ರಿಟನ್ನಿನ ಅಂಗಡಿಗಳಲ್ಲಿ ಮಾರುತ್ತಿದ್ದ ಅಂತಹ 29 ಗಿಡಗಳನ್ನು ಪರೀಕ್ಷಿಸಿದಾಗ ಎರಡನ್ನು ಬಿಟ್ಟು ಉಳಿದೆಲ್ಲದರಲ್ಲೂ ಯಾವುದಾದರೊಂದು ಕೀಟನಾಶಕ ಅಥವಾ ಶಿಲೀಂಧ್ರನಾಶಕ ಸಿಕ್ಕಿತು. ಸುಮಾರು ಶೇಕಡ 70ರಲ್ಲಿ ನಿಯೊನಿಕೊಟಿನಾಯ್ಡ್ ಇತ್ತು. ಗಿಡದ ರಸದಲ್ಲಿ ಸೇರಿ ಪರಾಗ, ಮಕರಂದಗಳಿಗೂ ಏರುವ ವಿಷವದು. ಮರುವರ್ಷ ಯುರೋಪಿಯನ್ ಒಕ್ಕೂಟ ಅಂತಹ ಮೂರು ಕೀಟನಾಶಕಗಳ ಹೊರಾಂಗಣ ಬಳಕೆಯನ್ನು ನಿಷೇಧಿಸಿತು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಗಿಡ ಕೊಳ್ಳುವ ಮೊದಲು 'ಇದಕ್ಕೆ ಏನು ಹೊಡೆದಿದ್ದೀರಿ' ಎಂದು ಕೇಳುವುದು ಮರ್ಯಾದೆಗೆಟ್ಟ ಮಾತೇನಲ್ಲ. ತರಕಾರಿಯವನನ್ನು ಸಂತೆಯಲ್ಲಿ ಕೇಳುವುದಿಲ್ಲವೆ?

ಅದರ ಬೆನ್ನಿಗೇ ಕೇಳಬೇಕಾದ್ದು, ಬೆಳೆಸಿದವರು ಯಾರು ಎಂದು. ಕ್ರಿಸ್‌ಮಸ್ಸಿನ ಪೊಯಿನ್‌ಸೆಟ್ಟಿಯದಂತಹ ಗಿಡಗಳ ಬೇರೂರದ ಕಡ್ಡಿಗಳು ಕೀನ್ಯ, ಇಥಿಯೋಪಿಯ, ಗ್ವಾಟೆಮಾಲಗಳಲ್ಲಿ ಕತ್ತರಿಸಲ್ಪಟ್ಟು ವಿಮಾನದಲ್ಲಿ ಬಂದು ಯುರೋಪು, ಅಮೆರಿಕಗಳ ಗಾಜಿನ ಮನೆಗಳಲ್ಲಿ ಬೇರು ಬಿಡುತ್ತವೆ. ಒಂಟಾರಿಯೊದ ಗಾಜಿನ ಮನೆಗಳಿಗೆ 1966ರಿಂದ ಜಾರಿಯಲ್ಲಿರುವ ಹಂಗಾಮಿ ಕೃಷಿ ಕಾರ್ಮಿಕರ ಯೋಜನೆಯಡಿ ಮೆಕ್ಸಿಕೊ ಮತ್ತು ಕೆರಿಬಿಯನ್ ದೇಶಗಳಿಂದ ಜನ ಬರುತ್ತಾರೆ. ಆ ಪ್ರಾಂತ್ಯದ ಕಾರ್ಮಿಕ ಸಂಬಂಧಗಳ ಕಾಯಿದೆ ಕೃಷಿ ಕಾರ್ಮಿಕರನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೆ ಈ ಸಂಗತಿ ಇನ್ನೂ ಹತ್ತಿರದ್ದು. ದುಬೈನ ಮಿರಕಲ್ ಗಾರ್ಡನ್ 2013ರಲ್ಲಿ ತೆರೆದಂದಿನಿಂದ ಲಕ್ಷಗಟ್ಟಲೆ ಪೆಟೂನಿಯಗಳು ಪ್ರತಿ ಚಳಿಗಾಲ ಹೊಸದಾಗಿ ಅರಳುತ್ತವೆ, ಬೇಸಿಗೆಗೆ ತೋಟ ಮುಚ್ಚುತ್ತದೆ. ರಸ್ತೆ ವಿಭಜಕಗಳ ಹೂಗಿಡಗಳನ್ನು ನೋಡಿಕೊಳ್ಳುವವರಿಗೆ ಮಾತ್ರ ಬೇಸಿಗೆಯೂ ಕೆಲಸದ ಕಾಲವೇ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆಯ ತನಕ ಬಿಸಿಲಿನ ಕೆಲಸಕ್ಕೆ ಕಾನೂನಿನ ವಿರಾಮವುಂಟು, 3 ಗಂಟೆ ದಾಟಿದರೆ ಮತ್ತೆ ಬಿಸಿಲು. ಆ ತೋಟಗಾರರಲ್ಲಿ ಬಹಳ ಜನ ದಕ್ಷಿಣ ಏಷ್ಯದವರು.

ಅದೇ ಮರಳುಗಾಡಿನಲ್ಲಿ ನೀರು ಕೇಳದೆ ಬದುಕುವ ಮರವೊಂದಿದೆ. ಅರಬ್ಬರು ಅದನ್ನು ಘಾಫ್ ಎನ್ನುತ್ತಾರೆ. ಅದು ದಸರೆಯಲ್ಲಿ ಕನ್ನಡಿಗರು ಪೂಜಿಸಿ ಎಲೆ ಹಂಚಿಕೊಳ್ಳುವ ಬನ್ನಿ ಮರವೇ. ಅದರ ಹೂವು ಸಣ್ಣ ಹಳದಿ ತೆನೆ, ಚಿತ್ರ ತೆಗೆಸಿಕೊಳ್ಳಲು ಬಾರದು, ಜೇನ್ನೊಣಗಳಿಗೆ ಇಷ್ಟ. ಎಮಿರೇಟುಗಳ ರಾಷ್ಟ್ರೀಯ ಮರವದು, 2019ರ 'ಸಹಿಷ್ಣುತೆಯ ವರ್ಷ'ಕ್ಕೆ ಲಾಂಛನವೂ ಆಗಿತ್ತು. ಅದರ ಅಮೆರಿಕದ ದಾಯಾದಿ ಬಳ್ಳಾರಿ ಜಾಲಿಯನ್ನು ಹಸಿರೀಕರಣದ ಹೆಸರಿನಲ್ಲಿ ತಂದು ಕೊಲ್ಲಿಯವರೂ ಕರ್ನಾಟಕದವರೂ ಒಂದೇ ಬಗೆಯ ಪಾಡು ಪಡುತ್ತಿರುವುದನ್ನು ವಿವರಿಸಲು ಇನ್ನೊಂದು ಉಪನ್ಯಾಸವೇ ಬೇಕು.

ಅಮೆರಿಕದ ಬಡಾವಣೆಗಳಲ್ಲಿ ತೊಡಕು ಗಿಡಕ್ಕಿಂತ ಹೆಚ್ಚಾಗಿ ನೆರೆಹೊರೆಯ ನಿಯಮದ್ದು. ಮನೆಮಾಲೀಕರ ಸಂಘಗಳು ಅಂಗಳವೆಂದರೆ ಒಪ್ಪವಾಗಿ ಕತ್ತರಿಸಿದ ಹುಲ್ಲುಹಾಸು ಎಂದೇ ತಿಳಿದಿವೆ. ಆಳೆತ್ತರದ ಕಾಡುಹೂವು ಅವರ ಕಣ್ಣಿಗೆ ಕಳೆ, ಮನೆಯ ಬೆಲೆ ಇಳಿಸುವ ದಾರಿದ್ರ್ಯ. ಮೇರಿಲೆಂಡ್ ರಾಜ್ಯದ ದಂಪತಿಯೊಬ್ಬರು ತಮ್ಮ ಅಂಗಳದ ಸ್ಥಳೀಯ ಹೂಗಿಡಗಳನ್ನು ತೆಗೆಯಲೊಪ್ಪದೆ ಇಂತಹ ಸಂಘದೊಡನೆ ವ್ಯಾಜ್ಯಕ್ಕಿಳಿದರು. ಅದರ ಫಲವಾಗಿ 2021ರಲ್ಲಿ ಆ ರಾಜ್ಯ ಕಾನೂನು ಮಾಡಿ, ಪರಾಗಸ್ಪರ್ಶಿಗಳಿಗೆ ನೆರವಾಗುವ ತೋಟಗಳನ್ನು ಸಂಘಗಳು ಅನುಚಿತವಾಗಿ ತಡೆಯುವಂತಿಲ್ಲ ಎಂದಿತು. ಇಂತಹ ಸಂಘಗಳ ಸಭೆಗಳಿಗೆ ಕನ್ನಡಿಗ ಕುಟುಂಬಗಳು ಸಾಮಾನ್ಯವಾಗಿ ಹೋಗುವುದಿಲ್ಲ. ಹೋಗಬೇಕು, ಅಲ್ಲಿ ಹುಲ್ಲಿನ ಎತ್ತರದ ಬಗ್ಗೆ ಆಗುವ ತೀರ್ಮಾನಕ್ಕೆ ಸಂಸತ್ತಿನ ತೀರ್ಮಾನಕ್ಕಿಂತ ಬೇಗ ಫಲ ಕಾಣಿಸುತ್ತದೆ.

ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಬೀಜ, ಕಡ್ಡಿ ಬಚ್ಚಿಟ್ಟು ತರುವ ರೂಢಿಯ ಬಗ್ಗೆಯೂ ಒಂದು ಮಾತು. ಅಮ್ಮನ ಹಿತ್ತಿಲಿನ ಮಲ್ಲಿಗೆ ಎಂಬ ಭಾವ ದೊಡ್ಡದು. ಆದರೆ 2013ರಲ್ಲಿ ಇಟಲಿಯ ಪುಲಿಯದಲ್ಲಿ ಪತ್ತೆಯಾಗಿ ಶತಮಾನಗಳ ಆಲಿವ್ ತೋಪುಗಳನ್ನು ಒಣಗಿಸಿದ ಬ್ಯಾಕ್ಟೀರಿಯ, ಅಲಂಕಾರಕ್ಕೆಂದು ಕೋಸ್ಟರಿಕದಿಂದ ತರಿಸಿದ ಕಾಫಿ ಗಿಡದೊಂದಿಗೆ ಬಂದಿರಬೇಕೆಂದು ವಿಜ್ಞಾನಿಗಳು ತರ್ಕಿಸಿದ್ದಾರೆ. ತಪಾಸಣೆಯ ಮೇಜಿನ ಹಿಂದೆ ಕುಳಿತವರು ಕೇಳುವ ಪ್ರಶ್ನೆಗಳೆಲ್ಲ ಅವಮಾನವಲ್ಲ. ದುಂಡುಮಲ್ಲಿಗೆ ಈಗ ಎಲ್ಲ ದೇಶಗಳ ನರ್ಸರಿಗಳಲ್ಲೂ ಸಿಗುತ್ತದೆ. ಕುಂಡದಲ್ಲಿ ಬೆಳೆಸಿ, ಮೊದಲ ಹಿಮಕ್ಕೆ ಮುಂಚೆ ಒಳಗಿಟ್ಟುಕೊಂಡರೆ ಯಾವ ಬೇಲಿಯನ್ನೂ ಅದು ದಾಟದು.

ಹಾಗಾದರೆ ನೆಡುವುದೇನನ್ನು ಎಂದು ಕೇಳುವವರಿಗೆ ಡೇರೆ ಹೂವನ್ನು ತೋರಿಸಬಹುದು. ಮೆಕ್ಸಿಕೊದ ಈ ಗಿಡ 1789ರಲ್ಲಿ ಮ್ಯಾಡ್ರಿಡ್ಡಿನ ಸಸ್ಯೋದ್ಯಾನಕ್ಕೆ ಬಂತು, ಎರಡು ವರ್ಷಗಳ ತರುವಾಯ ಸ್ವೀಡನ್ನಿನ ಸಸ್ಯವಿಜ್ಞಾನಿ ಆಂಡರ್ಸ್ ಡಾಲ್ ನೆನಪಿಗೆ ಡೇಲಿಯ ಎಂಬ ಹೆಸರು ಪಡೆಯಿತು. ಶಿರಸಿ, ಸಾಗರದ ಕಡೆಯ ಹೆಂಗಸರ ಬಾಯಲ್ಲಿ ಅದು ಡೇರೆಯಾಗಿ, ಮಳೆಗಾಲದ ಅಂಗಳದ ದೊರೆಸಾನಿಯಾಗಿ ಕುಳಿತಿದೆ. ಅಲ್ಲಿ ಯಾರೂ ಅದನ್ನು ಅಂಗಡಿಯಿಂದ ತರುವುದಿಲ್ಲವೆನ್ನುವಷ್ಟು ಗೆಡ್ಡೆಗಳ ವಿನಿಮಯ ಮನೆಯಿಂದ ಮನೆಗೆ, ತವರಿನಿಂದ ಗಂಡನ ಮನೆಗೆ ನಡೆಯುತ್ತದೆ. ಚಳಿದೇಶಗಳಲ್ಲಿ ಅದು ಬೇಲಿ ದಾಟಲಾರದು, ಹೆಪ್ಪುಗಟ್ಟಿದ ಮಣ್ಣಿನಲ್ಲಿ ಗೆಡ್ಡೆ ಕೊಳೆಯುತ್ತದೆ. ಒಂಟಿ ಸುತ್ತಿನ ಬಗೆಗಳಿಗೆ ಅಕ್ಟೋಬರಿನವರೆಗೂ ದುಂಬಿಗಳು ಮುತ್ತುತ್ತವೆ. ಮೊದಲ ಹಿಮಕ್ಕೆ ಎಲೆ ಕಪ್ಪಾದ ಮೇಲೆ ಗೆಡ್ಡೆಗಳನ್ನು ಅಗೆದು, ಮಣ್ಣು ಒದರಿ, ಒಣಗಿಸಿ, ಒಣ ಮರಳು ಅಥವಾ ಮರದ ಹೊಟ್ಟಿನ ಪೆಟ್ಟಿಗೆಯಲ್ಲಿ ಹೆಪ್ಪುಗಟ್ಟದ ತಣ್ಣನೆಯ ಮೂಲೆಯಲ್ಲಿ ಇಡಬೇಕು. ಏಪ್ರಿಲಿನಲ್ಲಿ ತೆಗೆದು, ಪ್ರತಿ ತುಂಡಿಗೂ ಒಂದು ಕಣ್ಣು ಇರುವಂತೆ ಕತ್ತರಿಸಿದರೆ ಒಂದು ಬುಡ ನಾಲ್ಕೈದಾಗುತ್ತದೆ. ಅಂಗಳಕ್ಕೆ ಎರಡು ಸಾಕು. ಉಳಿದವುಗಳನ್ನು ಕಾಗದದಲ್ಲಿ ಸುತ್ತಿ, ಮೇಲೆ ಬಣ್ಣ ಬರೆದು, ಪಕ್ಕದ ಮನೆಯವರಿಗೆ ಕೊಡುವುದು.